ಜರ್ಮನ್ ಪಾತ್ರೆಗೆ ತುಕ್ಕು ಹಿಡಿಯುವುದಿಲ್ಲವೇ? ಹಗುರ ಲೋಹಗಳನ್ನು ಕಾಯುವ ಪೊರೆಯ ಕತೆ

ಕಳೆದ ಬೇಸಿಗೆಯಲ್ಲಿ ಮುಂಡಗೋಡ ತಾಲ್ಲೂಕಿನ ಇಂದೂರಿಗೆ ಹೋಗಿದ್ದಾಗ ದೊಡ್ಡವ್ವನ ಅಡುಗೆಮನೆಯಲ್ಲಿ ಒಂದು ಡಬರಿ ನಮ್ಮ ಕಣ್ಣಿಗೆ ಬಿತ್ತು. ಹೊರಗಿನಿಂದ ನೋಡಿದರೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆದರೆ ನೀರು ತುಂಬಿಸಿದರೆ ತಳದಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ಸಣ್ಣ ಮೂರು ತೂತುಗಳು ಕಂಡವು, ಅವುಗಳ ಸುತ್ತ ಬಿಳಿ ಪುಡಿ. ಹಿಂದಿನ ವರ್ಷ ಮಾವಿನಕಾಯಿ ಹೋಳುಗಳನ್ನು ಉಪ್ಪುನೀರಿನಲ್ಲಿ ಹಾಕಿ ಅದೇ ಡಬರಿಯಲ್ಲಿ ಕೆಲವು ವಾರ ಮುಚ್ಚಿಟ್ಟಿದ್ದರಂತೆ.

ತುಕ್ಕು ಹಿಡಿದು ತೂತು ಬಿದ್ದಿದೆ ಎಂದೆವು. ದೊಡ್ಡವ್ವ ನಕ್ಕರು. "ಜರ್ಮನ್ ಡಬರಿಗೆ ಎಲ್ಲಿ ಜಂಗ್ ಹಿಡೀತೈತಿ? ಅದು ಕಬ್ಬಣಕ್ಕ ಅಷ್ಟ ಹಿಡಿಯೂದು. ಮಾಲ್ ಚಲೋ ಇರಲಿಲ್ಲ, ಅಷ್ಟ." ಸ್ವಲ್ಪ ಹೊತ್ತು ಬಿಟ್ಟು ತಾವೇ ಕೇಳಿದರು: "ಅಲ್ಲಾ, ಇಷ್ಟು ದಿನ ಇದರಾಗ ಮಾಡಿ ಉಂಡೇವಿ. ಹೊಟ್ಟಿಗೆ ಏನಾರ ಆಗತೈತೇನು?"

ದೊಡ್ಡವ್ವನ ಮಾತಿನಲ್ಲಿ ಒಂದು ನಂಬಿಕೆ ಇದೆ, ಒಂದು ಭಯವೂ ಇದೆ. ಅಲ್ಯೂಮಿನಿಯಂಗೆ ತುಕ್ಕೇ ಹಿಡಿಯುವುದಿಲ್ಲ ಎಂಬುದು ನಂಬಿಕೆ. ಅಲ್ಯೂಮಿನಿಯಂ ಪಾತ್ರೆ ವಿಷ ಎಂಬುದು ಭಯ. ಇವೆರಡಕ್ಕೂ ಉತ್ತರ ಇರುವುದು ಒಂದೇ ಕಡೆ, ಲೋಹದ ಮೈಮೇಲೆ ತಾನಾಗಿ ಬೆಳೆಯುವ, ಕಣ್ಣಿಗೆ ಕಾಣದ ಒಂದು ಪೊರೆಯಲ್ಲಿ. ವಿಮಾನ, ಉಪಗ್ರಹ, ಮನೆಯ ಕಿಟಕಿ, ಕುಕ್ಕರ್ ಎಲ್ಲವೂ ಈ ಪೊರೆಯನ್ನು ನೆಚ್ಚಿಕೊಂಡಿವೆ.

ತುಕ್ಕು ಹಿಡಿಯುತ್ತದೆ, ಆದರೆ ಅಲ್ಲಿಗೇ ನಿಲ್ಲುತ್ತದೆ

ಮೊದಲು ಹೆಸರಿನ ವಿಷಯ. ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಎನ್ನುವ ರೂಢಿ ಇದೆ. ನಿಜವಾದ ಜರ್ಮನ್ ಸಿಲ್ವರ್ ಬೇರೆಯೇ ವಸ್ತು. ಅದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಲೋಹ. ಅದರಲ್ಲಿ ಬೆಳ್ಳಿಯೂ ಇಲ್ಲ, ಅಲ್ಯೂಮಿನಿಯಮ್ಮೂ ಇಲ್ಲ.

ಅಲ್ಯೂಮಿನಿಯಂ ಬಹಳ ಹಗುರ. ಒಂದು ಘನ ಸೆಂಟಿಮೀಟರ್ ಕಬ್ಬಿಣ ಸುಮಾರು 7.9 ಗ್ರಾಂ ತೂಗಿದರೆ ಅಷ್ಟೇ ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತದೆ. ಮೆಗ್ನೀಸಿಯಂ ಇನ್ನೂ ಹಗುರ, 1.74 ಗ್ರಾಂ. ಟೈಟೇನಿಯಂ 4.5 ಗ್ರಾಂ. ವಿಚಿತ್ರವೆಂದರೆ ಈ ಮೂರೂ ಲೋಹಗಳಿಗೆ ಆಮ್ಲಜನಕದ ಮೇಲೆ ಕಬ್ಬಿಣಕ್ಕಿಂತ ಹೆಚ್ಚು ಆಸೆ. ಆ ಲೆಕ್ಕದಲ್ಲಿ ಅಲ್ಯೂಮಿನಿಯಂ ಡಬರಿ ಕಬ್ಬಿಣದ ಹಂಚಿಗಿಂತ ಬೇಗ ಹಾಳಾಗಬೇಕಿತ್ತು.

ಹಾಗೇಕೆ ಆಗುವುದಿಲ್ಲ? ಅಲ್ಯೂಮಿನಿಯಮ್ಮನ್ನು ಕತ್ತರಿಸಿದರೆ ಅಥವಾ ಗೀರಿದರೆ ಹೊಸದಾಗಿ ತೆರೆದ ಮೈಗೆ ಗಾಳಿ ತಾಕುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಅಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಹುಟ್ಟುತ್ತದೆ. ಇದೂ ಒಂದು ಬಗೆಯ ತುಕ್ಕೇ. ಆದರೆ ಕೆಲವೇ ನ್ಯಾನೋಮೀಟರ್ ದಪ್ಪವಾಗುವಷ್ಟರಲ್ಲಿ ಅದರ ಬೆಳವಣಿಗೆ ನಿಂತುಬಿಡುತ್ತದೆ. ಒಂದು ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಪೊರೆ ಅಷ್ಟು ತೆಳು, ಬಣ್ಣವಿಲ್ಲದ್ದು, ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡಿರುವಂಥದ್ದು. ಹಾಗಾಗಿ ನಮಗೆ ಕಾಣುವುದು ಕೆಳಗಿನ ಲೋಹದ ಹೊಳಪು ಮಾತ್ರ.

ಕಬ್ಬಿಣದ ತುಕ್ಕಿನ ಸ್ವಭಾವ ಬೇರೆ. ಅದು ಉಬ್ಬುತ್ತದೆ, ಪುಡಿಯಾಗುತ್ತದೆ, ಹಕ್ಕಳೆಗಟ್ಟಿ ಉದುರುತ್ತದೆ. ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ತೆರೆದುಕೊಳ್ಳುತ್ತದೆ, ಅದಕ್ಕೂ ತುಕ್ಕು ಹಿಡಿಯುತ್ತದೆ. ಹೀಗೆ ಲೋಹ ಮುಗಿಯುವವರೆಗೂ ನಡೆಯುತ್ತದೆ.

ಈ ವ್ಯತ್ಯಾಸವನ್ನು ಅಳೆಯಲು 1923ರಲ್ಲಿ ಪಿಲ್ಲಿಂಗ್ ಮತ್ತು ಬೆಡ್‌ವರ್ತ್ ಎಂಬ ಇಬ್ಬರು ಒಂದು ಸರಳ ಲೆಕ್ಕ ಕೊಟ್ಟರು. ಲೋಹ ಆಕ್ಸೈಡ್ ಆದಾಗ ಅದರ ಗಾತ್ರ ಎಷ್ಟು ಪಟ್ಟು ಆಗುತ್ತದೆ ಎಂಬುದೇ ಆ ಲೆಕ್ಕ. ಅಲ್ಯೂಮಿನಿಯಂಗೆ ಅದು ಸುಮಾರು 1.28. ಅಂದರೆ ಆಕ್ಸೈಡ್ ತನ್ನ ಕೆಳಗಿನ ಲೋಹವನ್ನು ಪೂರ್ತಿ ಮುಚ್ಚಿ, ಸ್ವಲ್ಪವೇ ಒತ್ತೊತ್ತಾಗಿ ಕೂರುತ್ತದೆ. ಕಬ್ಬಿಣಕ್ಕೆ ಅದು ಎರಡಕ್ಕೂ ಹೆಚ್ಚು. ಜಾಗ ಸಾಲದೆ ಪದರ ಸಿಡಿಯುತ್ತದೆ. ಮೆಗ್ನೀಸಿಯಂಗೆ ಸುಮಾರು 0.81 ಮಾತ್ರ. ಚಾಪೆ ಚಿಕ್ಕದು, ಮಲಗುವವರು ಹೆಚ್ಚು ಎಂಬಂತೆ ಆಕ್ಸೈಡ್ ಲೋಹವನ್ನು ಪೂರ್ತಿ ಮುಚ್ಚುವುದೇ ಇಲ್ಲ. ಈ ಲೆಕ್ಕ ಎಲ್ಲ ಲೋಹಗಳಿಗೂ ಕರಾರುವಾಕ್ಕಾಗಿ ಹೊಂದುವುದಿಲ್ಲ. ಆದರೂ ಅಲ್ಯೂಮಿನಿಯಂ ಏಕೆ ಬಾಳುತ್ತದೆ, ಮೆಗ್ನೀಸಿಯಂ ಏಕೆ ಬಾಳುವುದಿಲ್ಲ ಎಂಬುದಕ್ಕೆ ಒಳ್ಳೆಯ ಸುಳಿವು ಕೊಡುತ್ತದೆ.

ಕಲಾಯಿಯೇ ಬೇರೆ, ಈ ಪೊರೆಯೇ ಬೇರೆ

ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುವುದು ನಮಗೆ ಗೊತ್ತು. ಕಲಾಯಿ ಎಂದರೆ ಹೊರಗಿನಿಂದ ತಂದು ಬಳಿದ ತವರ. ಅದು ಸವೆದರೆ ತಾನಾಗಿ ಮತ್ತೆ ಬೆಳೆಯುವುದಿಲ್ಲ, ಕಲಾಯಿಗಾರನೇ ಬರಬೇಕು.

ಅಲ್ಯೂಮಿನಿಯಮ್ಮಿನ ಪೊರೆ ಹೊರಗಿನಿಂದ ಬಂದದ್ದಲ್ಲ. ಅದು ಲೋಹದ ಮೈಯಿಂದಲೇ ಬೆಳೆದದ್ದು. ಗೀರಿದರೆ ಗಾಯ ಮಾಯುವಂತೆ ತಾನೇ ಮುಚ್ಚಿಕೊಳ್ಳುತ್ತದೆ. ಇದೇ ಅಲ್ಯೂಮಿನಿಯಂ ಆಕ್ಸೈಡ್ ಹರಳಿನ ರೂಪದಲ್ಲಿ ಸಿಕ್ಕಾಗ ಅದಕ್ಕೆ ಕುರುವಿಂದ ಎನ್ನುತ್ತೇವೆ. ಸಾಣೆ ಹಿಡಿಯಲು ಬಳಸುವ ಗಟ್ಟಿ ಕಲ್ಲು ಅದು. ಅದರಲ್ಲಿ ಒಂದಿಷ್ಟು ಕ್ರೋಮಿಯಂ ಸೇರಿದರೆ ಮಾಣಿಕ್ಯ, ಕಬ್ಬಿಣ ಮತ್ತು ಟೈಟೇನಿಯಂ ಸೇರಿದರೆ ನೀಲ. ಡಬರಿಯ ಮೇಲಿರುವ ಪೊರೆ ಹರಳುಗಟ್ಟಿರುವುದಿಲ್ಲ, ಆದರೆ ಅದರ ವಸ್ತು ಇದೇ.

ಪೊರೆ ಸೋಲುವುದು ಎಲ್ಲಿ?

ಇಷ್ಟು ಗಟ್ಟಿ ಪೊರೆ ಇದ್ದೂ ದೊಡ್ಡವ್ವನ ಡಬರಿ ತೂತು ಬಿದ್ದದ್ದು ಹೇಗೆ? ಈ ಪೊರೆಗೆ ಮೂವರು ಶತ್ರುಗಳಿದ್ದಾರೆ. ಮೂವರೂ ನಮ್ಮ ಅಡುಗೆಮನೆಯಲ್ಲೇ ಇದ್ದಾರೆ.

ಮೊದಲನೆಯದು ಹುಳಿ. ಹುಣಸೆಹಣ್ಣು, ನಿಂಬೆ, ಟೊಮೆಟೊ, ಹುಳಿ ಮಜ್ಜಿಗೆ ಇವೆಲ್ಲ ಆಮ್ಲಗಳು. ಆಮ್ಲ ಹೆಚ್ಚಾದರೆ ಪೊರೆ ನಿಧಾನವಾಗಿ ಕರಗುತ್ತದೆ.

ಎರಡನೆಯದು ಕ್ಷಾರ. ಒಲೆಯ ಬೂದಿ, ಸುಣ್ಣ, ಬಟ್ಟೆ ಸೋಡಾ ಈ ಗುಂಪಿನವು. ಹುಳಿಯಲ್ಲಿ ಕರಗುವ ವಸ್ತು ಕ್ಷಾರದಲ್ಲೂ ಕರಗುವುದು ಅಪರೂಪ, ಆದರೆ ಅಲ್ಯೂಮಿನಿಯಂ ಆಕ್ಸೈಡ್ ಎರಡರಲ್ಲೂ ಕರಗುತ್ತದೆ. ಬೆಳಗಾವಿಯಲ್ಲಿರುವ ಹಿಂಡಾಲ್ಕೊ ಕಾರ್ಖಾನೆ ಕೆಲಸ ಮಾಡುವುದು ಇದೇ ಗುಣದ ಮೇಲೆ. ಅಲ್ಲಿ ಬಾಕ್ಸೈಟ್ ಅದಿರನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕಲಸುತ್ತಾರೆ. ಅಲ್ಯೂಮಿನಿಯಂ ಅಂಶ ಕರಗಿ ದ್ರಾವಣಕ್ಕೆ ಬರುತ್ತದೆ, ಕಬ್ಬಿಣದ ಕೆಂಪು ಮಣ್ಣು ಕೆಳಗೆ ಉಳಿಯುತ್ತದೆ. ಆ ದ್ರಾವಣದಿಂದ ಬಿಳಿ ಅಲ್ಯೂಮಿನಾ ಪುಡಿಯನ್ನು ತೆಗೆಯುತ್ತಾರೆ. ಕಾರ್ಖಾನೆಗೆ ಲಾಭ ತರುವ ಈ ಗುಣವೇ ಪಾತ್ರೆಗೆ ಮುಳುವು.

ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದಾಗ ಜರ್ಮನ್ ಪಾತ್ರೆ ಫಳಫಳ ಹೊಳೆಯುವುದು ಏಕೆ ಎಂದು ಈಗ ಊಹಿಸಬಹುದು. ಕೊಳೆಯ ಜೊತೆ ಪೊರೆಯೂ ಹೋಗಿ ಬರಿ ಲೋಹ ಮೇಲೆ ಬಂದಿರುತ್ತದೆ. ಕೂಡಲೇ ಹೊಸ ಪೊರೆ ಹುಟ್ಟುವುದು ನಿಜ. ಆದರೆ ಹುಟ್ಟುವುದು ಪಾತ್ರೆಯ ಲೋಹವನ್ನೇ ತಿಂದು. ದಿನವೂ ಹೀಗೆ ತಿಕ್ಕಿದರೆ ಪಾತ್ರೆ ಕೂದಲೆಳೆಯಷ್ಟೇ ಆದರೂ ತೆಳುವಾಗುತ್ತಾ ಹೋಗುತ್ತದೆ.

ಮೂರನೆಯದು ಉಪ್ಪು. ಇದು ಮೂವರಲ್ಲಿ ಬಹಳ ಕಳ್ಳ. ಹುಳಿ ಮತ್ತು ಕ್ಷಾರ ಪೊರೆಯನ್ನು ಎಲ್ಲ ಕಡೆ ಸಮನಾಗಿ ಕರಗಿಸುತ್ತವೆ. ಉಪ್ಪಿನಲ್ಲಿರುವ ಕ್ಲೋರೈಡ್ ಹಾಗಲ್ಲ, ಪೊರೆ ಎಲ್ಲಿ ದುರ್ಬಲವಾಗಿದೆಯೋ ಅಲ್ಲಿ ಮಾತ್ರ ನುಗ್ಗುತ್ತದೆ. ಅಲ್ಲೊಂದು ಸಣ್ಣ ಗುಂಡಿ ಬೀಳುತ್ತದೆ. ಗುಂಡಿಯೊಳಗೆ ನಡೆಯುವ ಕ್ರಿಯೆಯಿಂದ ಅಲ್ಲಿನ ನೀರು ಹುಳಿಯಾಗುತ್ತದೆ. ಹುಳಿಯಾದ್ದರಿಂದ ಹೊಸ ಪೊರೆ ಕೂರುವುದಿಲ್ಲ, ಇನ್ನಷ್ಟು ಕ್ಲೋರೈಡ್ ಒಳಗೆ ಸೇರುತ್ತದೆ. ಸುತ್ತಲಿನ ಮೈ ಹೊಳೆಯುತ್ತಲೇ ಇರುತ್ತದೆ, ಗುಂಡಿ ಮಾತ್ರ ಬಾವಿಯ ಹಾಗೆ ಕೆಳಗಿಳಿಯುತ್ತದೆ. ಒಂದು ದಿನ ತಳ ತೂತಾಗುತ್ತದೆ.

ಮಾವಿನಕಾಯಿ ಉಪ್ಪುನೀರಿನಲ್ಲಿ ಹುಳಿ, ಉಪ್ಪು ಎರಡೂ ಇದ್ದವು. ವಾರಗಟ್ಟಲೆ ಸಮಯವೂ ಸಿಕ್ಕಿತ್ತು. ದೊಡ್ಡವ್ವನ ಡಬರಿಗೆ ಮೂರು ತೂತು ಬಿದ್ದದ್ದು ಹೀಗೆ. ಸುತ್ತಲಿದ್ದ ಬಿಳಿ ಪುಡಿಯೇ ಅಲ್ಯೂಮಿನಿಯಮ್ಮಿನ ತುಕ್ಕು. ಕೆಂಪಗಿಲ್ಲ ಎಂಬ ಕಾರಣಕ್ಕೆ ನಾವು ಅದನ್ನು ತುಕ್ಕು ಎಂದು ಗುರುತಿಸುವುದಿಲ್ಲ. ಉಪ್ಪಿನಕಾಯಿಯನ್ನು ಪಿಂಗಾಣಿ ಭರಣಿಯಲ್ಲೇ ಹಾಕಬೇಕು ಎಂಬ ಹಿರಿಯರ ಮಾತು ವಿಜ್ಞಾನಕ್ಕೆ ಒಪ್ಪುವ ಮಾತು.

ಒಂದು ಚಿಟಿಕೆ ಉಪ್ಪಿನ ಪ್ರಯೋಗ

ಉಪ್ಪು ಪೊರೆಯನ್ನು ಹೇಗೆ ತೆರೆಯುತ್ತದೆ ಎಂಬುದನ್ನು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಶಿಕ್ಷಕರ ಎದುರು ಕಣ್ಣಾರೆ ನೋಡಬಹುದು. ಬೇಕಾದದ್ದು ಎರಡು ಗಾಜಿನ ಲೋಟ, ಅಲ್ಯೂಮಿನಿಯಂ ಹಾಳೆಯ ತುಂಡು, ಉಪ್ಪು ಮತ್ತು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್.

ಎರಡೂ ಲೋಟಗಳಲ್ಲಿ ಮೈಲುತುತ್ತದ ನೀಲಿ ದ್ರಾವಣ ಹಾಕಿ ಒಂದೊಂದು ತುಂಡು ಹಾಳೆ ಬಿಡಿ. ಪುಸ್ತಕದ ಪ್ರಕಾರ ಅಲ್ಯೂಮಿನಿಯಂ ತಾಮ್ರವನ್ನು ದ್ರಾವಣದಿಂದ ಹೊರದೂಡಬೇಕು. ಆದರೆ ಬಹಳ ಹೊತ್ತು ಏನೂ ಆಗುವುದಿಲ್ಲ, ಏಕೆಂದರೆ ನಡುವೆ ಪೊರೆ ನಿಂತಿದೆ. ಈಗ ಒಂದು ಲೋಟಕ್ಕೆ ಮಾತ್ರ ಚಿಟಿಕೆ ಉಪ್ಪು ಹಾಕಿ. ಸ್ವಲ್ಪ ಹೊತ್ತಿನಲ್ಲೇ ಗುಳ್ಳೆ ಏಳುತ್ತವೆ, ಲೋಟ ಬಿಸಿಯಾಗುತ್ತದೆ, ಹಾಳೆ ಚಿಂದಿಯಾಗಿ ಕೆಂಪು ಕಂದು ತಾಮ್ರದ ಪುಡಿ ತಳಕ್ಕೆ ಕೂರುತ್ತದೆ. ಮೈಲುತುತ್ತ ವಿಷ, ಬರುವ ಗುಳ್ಳೆಯಲ್ಲಿ ಹೊತ್ತಿಕೊಳ್ಳುವ ಜಲಜನಕ ಇರುತ್ತದೆ. ಆದ್ದರಿಂದ ಕೈಗವಸು ಹಾಕಿಕೊಂಡು, ಕಿಟಕಿ ತೆರೆದು, ಬೆಂಕಿಯಿಂದ ದೂರ ಮಾಡಬೇಕು. ಅಡುಗೆಮನೆಯಲ್ಲಿ ಮಾಡಲೇಬಾರದು.

ಅಡಿಕೆ ಬೆಳೆಗಾರರಿಗೆ ಮೈಲುತುತ್ತ ಹೊಸದಲ್ಲ. ಕೊಳೆ ರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಇರುತ್ತವೆ. ಒಂದು ತಾಮ್ರದ ಲವಣ, ಇನ್ನೊಂದು ಕ್ಷಾರ. ಇದನ್ನು ಲೋಹದ ಪಾತ್ರೆಯಲ್ಲಿ ಕಲಸಬೇಡಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ ಎಂದು ಹೇಳುವುದು ಇದಕ್ಕಾಗಿ. ಸಿಂಪಡಣೆ ಮುಗಿದ ಮೇಲೆ ಅಲ್ಯೂಮಿನಿಯಂ ಏಣಿ, ದೋಟಿಗಳ ಮೇಲೆ ಬಿದ್ದ ದ್ರಾವಣವನ್ನೂ ಒಳ್ಳೆಯ ನೀರಿನಿಂದ ತೊಳೆದಿಡಬೇಕು. ಏಣಿಯ ಕೀಲಿನಲ್ಲಿ ಬಿದ್ದ ಗುಂಡಿ ಡಬರಿಯ ತೂತಿನಂತೆ ಅಲ್ಲ, ಅದು ಹತ್ತಿದವರ ಜೀವಕ್ಕೆ ಸಂಬಂಧಿಸಿದ್ದು.

ಪೊರೆಯನ್ನು ದಪ್ಪ ಮಾಡುವುದು ಹೇಗೆ?

ತಾನಾಗಿ ಬೆಳೆದ ಪೊರೆ ಸಾಲದಿದ್ದರೆ ನಾವೇ ದಪ್ಪ ಬೆಳೆಸಬಹುದು. ಈ ವಿಧಾನಕ್ಕೆ ಆನೊಡೈಸಿಂಗ್ ಎಂದು ಹೆಸರು.

ಇದು ಬಣ್ಣ ಬಳಿಯುವ ಕೆಲಸ ಅಲ್ಲ. ಅಲ್ಯೂಮಿನಿಯಂ ವಸ್ತುವನ್ನು ಶುಚಿ ಮಾಡಿ, ತೆಳು ಗಂಧಕಾಮ್ಲ ತುಂಬಿದ ತೊಟ್ಟಿಯಲ್ಲಿ ಇಳಿಬಿಟ್ಟು, ವಿದ್ಯುತ್ತಿನ ಧನ ತುದಿಗೆ ಜೋಡಿಸುತ್ತಾರೆ. ಹೆಚ್ಚಿನ ವೋಲ್ಟೇಜ್ ಬೇಕಿಲ್ಲ, ಸಾಮಾನ್ಯವಾಗಿ 20 ವೋಲ್ಟ್ ಒಳಗೇ ಸಾಕು. ವಿದ್ಯುತ್ತು ಹರಿದಂತೆ ನೀರಿನಲ್ಲಿರುವ ಆಮ್ಲಜನಕ ಲೋಹದ ಕಡೆ ಎಳೆಯಲ್ಪಟ್ಟು, ಅಲ್ಲಿ ಆಕ್ಸೈಡ್ ಬೆಳೆಯುತ್ತಲೇ ಇರುತ್ತದೆ. ಗಾಳಿಯಲ್ಲಿ ಕೆಲವು ನ್ಯಾನೋಮೀಟರಿಗೆ ನಿಲ್ಲುತ್ತಿದ್ದ ಪೊರೆ ಇಲ್ಲಿ 10ರಿಂದ 25 ಮೈಕ್ರೋಮೀಟರ್ ದಪ್ಪಕ್ಕೆ ಬರುತ್ತದೆ. ಸಹಜ ಪೊರೆ 4 ನ್ಯಾನೋಮೀಟರ್ ಎಂದುಕೊಂಡರೆ 20 ಮೈಕ್ರೋಮೀಟರಿನ ಪೊರೆ ಅದಕ್ಕಿಂತ 5000 ಪಟ್ಟು ದಪ್ಪ. ಹಾಗಿದ್ದೂ ಅದು ತಲೆಗೂದಲಿಗಿಂತ ತೆಳು.

ಈ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನುಗೂಡಿನಂತೆ ಕಾಣುತ್ತದೆ. ಆರು ಮೂಲೆಯ ಕೋಶಗಳು ಒತ್ತೊತ್ತಾಗಿ ನಿಂತಿರುತ್ತವೆ, ಪ್ರತಿ ಕೋಶದ ನಡುವೆ ಒಂದು ಸಣ್ಣ ಕೊಳವೆ. ಒಂದು ಚದರ ಸೆಂಟಿಮೀಟರಿನಲ್ಲಿ ಶತಕೋಟಿಗಟ್ಟಲೆ ಕೊಳವೆಗಳು. ಬಣ್ಣ ಬೇಕಿದ್ದರೆ ಇವುಗಳಲ್ಲೇ ತುಂಬುತ್ತಾರೆ. ಬಣ್ಣಬಣ್ಣದ ಅಲ್ಯೂಮಿನಿಯಂ ನೀರಿನ ಬಾಟಲಿ, ಟಾರ್ಚುಗಳಲ್ಲಿ ಕಾಣುವ ಹೊಳಪು ಹಲವು ಬಾರಿ ಹೀಗೆ ಬಂದದ್ದು.

ಆದರೆ ಕೊಳವೆಗಳು ತೆರೆದೇ ಇದ್ದರೆ ಉಪ್ಪುನೀರಿಗೆ ದಾರಿ ಸಿಕ್ಕಂತೆ. ಆದ್ದರಿಂದ ಕೊನೆಗೆ ವಸ್ತುವನ್ನು ಕುದಿಯುವಷ್ಟು ಬಿಸಿಯಾದ ಶುದ್ಧ ನೀರಿನಲ್ಲಿ ಮುಳುಗಿಸುತ್ತಾರೆ. ಆಕ್ಸೈಡ್ ನೀರು ಕುಡಿದು, ನೆನೆಸಿದ ಕಾಳಿನಂತೆ ಉಬ್ಬಿ, ಕೊಳವೆಯ ಬಾಯಿ ಮುಚ್ಚುತ್ತದೆ. ಇದಕ್ಕೆ ಸೀಲಿಂಗ್ ಎನ್ನುತ್ತಾರೆ. ತುಕ್ಕು ತಡೆಯುವ ಕೆಲಸದಲ್ಲಿ ಪೊರೆಯ ದಪ್ಪ ಎಷ್ಟು ಮುಖ್ಯವೋ ಈ ಕೊನೆಯ ಹೆಜ್ಜೆಯೂ ಅಷ್ಟೇ ಮುಖ್ಯ.

ತೊಟ್ಟಿಯನ್ನು ಸೊನ್ನೆ ಡಿಗ್ರಿಯ ಆಸುಪಾಸಿಗೆ ತಂಪು ಮಾಡಿ ಹೆಚ್ಚು ವಿದ್ಯುತ್ತು ಹರಿಸಿದರೆ ಇನ್ನೂ ದಪ್ಪ, ಇನ್ನೂ ಗಟ್ಟಿ ಪೊರೆ ಬರುತ್ತದೆ. ಅಂಗಡಿಯಲ್ಲಿ ಹಾರ್ಡ್ ಆನೊಡೈಸ್ಡ್ ಎಂದು ಮಾರುವ ಬೂದು ಕಪ್ಪು ಬಣ್ಣದ ಕುಕ್ಕರ್, ಕಡಾಯಿಗಳು ಇವೇ.

ಆನೊಡೈಸಿಂಗ್ ಹುಟ್ಟಿದ್ದು ಅಡುಗೆಮನೆಗಾಗಿ ಅಲ್ಲ, ಸಮುದ್ರಕ್ಕಾಗಿ. 1923ರಲ್ಲಿ ಬ್ರಿಟನ್ನಿನಲ್ಲಿ ಬೆಂಗೋ ಮತ್ತು ಸ್ಟುವರ್ಟ್ ಎಂಬವರು ನೀರಿನ ಮೇಲಿಳಿಯುವ ವಿಮಾನಗಳ ಡ್ಯೂರಾಲುಮಿನ್ ಭಾಗಗಳನ್ನು ಉಪ್ಪುನೀರಿನಿಂದ ಉಳಿಸಲು ಕ್ರೋಮಿಕ್ ಆಮ್ಲದ ತೊಟ್ಟಿ ಬಳಸಿದರು. ವಿಮಾನಕ್ಕೆ ಬೇಕಾದ ಬಲ ಬರಲು ಅಲ್ಯೂಮಿನಿಯಮ್ಮಿಗೆ ತಾಮ್ರ ಸೇರಿಸುತ್ತಾರೆ. ಆ ತಾಮ್ರವೇ ಪೊರೆಯನ್ನು ದುರ್ಬಲ ಮಾಡುತ್ತದೆ. ಬಲ ಬಂದರೆ ಬಾಳಿಕೆ ಹೋಗುತ್ತದೆ, ಹಾಗಾಗಿ ಹೊರಗಿನ ಕಾವಲು ಬೇಕೇಬೇಕು. ಕ್ರೋಮಿಕ್ ಆಮ್ಲ ಚೆನ್ನಾಗಿ ಕೆಲಸ ಮಾಡಿತು. ಆದರೆ ಅದರಲ್ಲಿರುವ ಬಗೆಯ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು, ತೊಟ್ಟಿಯ ಬಳಿ ನಿಲ್ಲುವ ಕಾರ್ಮಿಕರಿಗೆ ಅಪಾಯ. ವಿಮಾನ ಉದ್ಯಮ ಈಗ ಅದನ್ನು ಬಿಟ್ಟು ಗಂಧಕಾಮ್ಲಕ್ಕೆ ಟಾರ್ಟಾರಿಕ್ ಆಮ್ಲ ಬೆರೆಸಿದ ತೊಟ್ಟಿಗಳ ಕಡೆ ಹೊರಳುತ್ತಿದೆ. ಟಾರ್ಟಾರಿಕ್ ಆಮ್ಲ ಎಂದರೆ ನಮ್ಮ ಹುಣಸೆಹಣ್ಣಿನ ಹುಳಿಯೇ.

ಪೊರೆ ಸಾಲದ ಮೆಗ್ನೀಸಿಯಂ

ಮೆಗ್ನೀಸಿಯಂ ಇನ್ನೂ ಹಗುರ, ಹಾಗಾಗಿ ಕೆಲವು ಲ್ಯಾಪ್‌ಟಾಪ್, ಕ್ಯಾಮೆರಾ, ಕಾರು, ಉಪಗ್ರಹಗಳಲ್ಲಿ ಬಳಕೆಯಲ್ಲಿದೆ. ಆದರೆ ಅದರ ಸಹಜ ಪೊರೆ ಲೋಹವನ್ನು ಪೂರ್ತಿ ಮುಚ್ಚುವುದಿಲ್ಲ, ನೀರು ತಾಕಿದರೆ ಹೈಡ್ರಾಕ್ಸೈಡ್ ಆಗಿ ಸಡಿಲವಾಗುತ್ತದೆ. ಉಪ್ಪುನೀರಿನಲ್ಲಿ ಬರಿ ಮೆಗ್ನೀಸಿಯಂ ನಮ್ಮ ಕಣ್ಣೆದುರೇ ನೊರೆ ಎಬ್ಬಿಸಿ ಕರಗುತ್ತದೆ.

ಇಂಥ ಲೋಹಕ್ಕೆ ಕಿಡಿಗಳ ಮೂಲಕ ಪೊರೆ ಬೆಳೆಸುವ ವಿಧಾನ ಒಂದಿದೆ. ಇದಕ್ಕೆ ಪ್ಲಾಸ್ಮಾ ಎಲೆಕ್ಟ್ರೋಲಿಟಿಕ್ ಆಕ್ಸಿಡೇಶನ್ ಅಥವಾ ಮೈಕ್ರೋ ಆರ್ಕ್ ಆಕ್ಸಿಡೇಶನ್ ಎಂದು ಹೆಸರು. ಇಲ್ಲಿ ತೊಟ್ಟಿಯಲ್ಲಿ ಆಮ್ಲದ ಬದಲು ಸಿಲಿಕೇಟ್, ಫಾಸ್ಫೇಟ್ ಬೆರೆತ ಕ್ಷಾರ ದ್ರಾವಣ ಇರುತ್ತದೆ. ವೋಲ್ಟೇಜ್ ನೂರಾರು. ಆ ಒತ್ತಡಕ್ಕೆ ಪೊರೆಯ ಅಲ್ಲಲ್ಲಿ ಸಣ್ಣ ಮಿಂಚು ಹೊಡೆದಂತೆ ಕಿಡಿಗಳು ಹುಟ್ಟುತ್ತವೆ. ಕಿಡಿ ಹೊಡೆದ ಚುಕ್ಕೆಯಲ್ಲಿ ಕ್ಷಣಕಾಲ ಸಾವಿರಾರು ಡಿಗ್ರಿ ಬಿಸಿ. ಆಕ್ಸೈಡ್ ಕರಗಿ, ಸುತ್ತಲಿನ ತಣ್ಣನೆ ದ್ರಾವಣಕ್ಕೆ ಸಿಕ್ಕಿ, ಪಿಂಗಾಣಿಯಂತೆ ಗಟ್ಟಿಯಾಗುತ್ತದೆ. ಅಲ್ಯೂಮಿನಿಯಂ, ಟೈಟೇನಿಯಮ್ಮಿಗೂ ಇದನ್ನು ಬಳಸುತ್ತಾರೆ. ಹೈದರಾಬಾದಿನ ಎಆರ್‌ಸಿಐ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲಿ ಈ ತಂತ್ರದ ಮೇಲೆ ಕೆಲಸ ಮಾಡಿದ ಸಂಸ್ಥೆಗಳಲ್ಲಿ ಮುಖ್ಯವಾದದ್ದು.

ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದ ವಿಜ್ಞಾನಿಗಳೂ ಮೆಗ್ನೀಸಿಯಂ ಲಿಥಿಯಂ ಮಿಶ್ರಲೋಹಗಳ ಮೇಲೆ ಆನೊಡೈಸ್ ಪೊರೆ ಬೆಳೆಸುವ ಬಗ್ಗೆ 1990ರ ದಶಕದಲ್ಲೇ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಆ ಕೇಂದ್ರಕ್ಕೆ ಈಗ ಯು. ಆರ್. ರಾವ್ ಅವರ ಹೆಸರಿದೆ. ಉಪಗ್ರಹ ಬಾಹ್ಯಾಕಾಶ ಸೇರಿದ ಮೇಲೆ ಅಲ್ಲಿ ತೇವವಿಲ್ಲ. ಆದರೆ ಅದಕ್ಕೂ ಮೊದಲು ಜೋಡಣೆ, ಪರೀಕ್ಷೆ ಮುಗಿಸಿ ಕಡಲದಂಡೆಯ ಶ್ರೀಹರಿಕೋಟಾಕ್ಕೆ ಹೋಗಬೇಕು. ಅಲ್ಲಿಯವರೆಗೆ ಲೋಹ ಕೆಡಬಾರದು. ಪೊರೆಗೆ ಕಪ್ಪು ಬಣ್ಣ ಕೊಟ್ಟರೆ ಇನ್ನೊಂದು ಲಾಭವಿದೆ, ಒಳಗಿನ ಬಿಸಿಯನ್ನು ಅದು ಚೆನ್ನಾಗಿ ಹೊರಸೂಸುತ್ತದೆ.

ಒಂದೇ ಜಿಲ್ಲೆ, ಎರಡು ಗಾಳಿ

ಮತ್ತೆ ನೆಲಕ್ಕೆ ಬರೋಣ. ಇಂದೂರು ಮತ್ತು ಕಾರವಾರ ಎರಡೂ ಉತ್ತರ ಕನ್ನಡ ಜಿಲ್ಲೆಯಲ್ಲೇ ಇವೆ. ಆದರೆ ಲೋಹದ ಪಾಲಿಗೆ ಅವು ಬೇರೆ ಬೇರೆ ಲೋಕ. ಕಾರವಾರದ ಗಾಳಿಯಲ್ಲಿ ಕಡಲಿನ ಉಪ್ಪು ಇದೆ. ಮುಂಡಗೋಡದ ಕಡೆ ಮಳೆ ಇದ್ದರೂ ಗಾಳಿಯಲ್ಲಿ ಆ ಉಪ್ಪು ಇಲ್ಲ. ಹಾಗಾಗಿ ಇಲ್ಲಿ ವರ್ಷಗಟ್ಟಲೆ ಬಾಳುವ ಕಿಟಕಿ ಚೌಕಟ್ಟು ಅಲ್ಲಿ ಬಿಳಿ ಚುಕ್ಕೆ ಹಿಡಿಯಬಹುದು.

ಆನೊಡೈಸ್ ಪೊರೆಗೆ ನಮ್ಮಲ್ಲಿ ಐಎಸ್ 1868 ಎಂಬ ಭಾರತೀಯ ಮಾನಕ ಇದೆ. ಅದರಲ್ಲಿ ಪೊರೆಯ ದಪ್ಪಕ್ಕೆ ತಕ್ಕಂತೆ ದರ್ಜೆಗಳಿವೆ. ಮನೆಯೊಳಗಿನ ಕೆಲಸಕ್ಕೆ ತೆಳು ಪೊರೆ ಸಾಕು. ಹೊರಗೆ, ಅದರಲ್ಲೂ ಕಡಲದಂಡೆಯ ಹತ್ತಿರ, 20ರಿಂದ 25 ಮೈಕ್ರೋಮೀಟರ್ ಇದ್ದರೆ ಒಳ್ಳೆಯದು. ಕಿಟಕಿ, ಬಾಗಿಲು ಕೊಳ್ಳುವಾಗ ಬಣ್ಣದ ಜೊತೆಗೆ ಪೊರೆ ಎಷ್ಟು ಮೈಕ್ರಾನ್ ಎಂದೂ ಕೇಳಿ. ಮೈಕ್ರಾನ್ ಎಂದರೆ ಮೈಕ್ರೋಮೀಟರೇ, ಅಂಗಡಿಯಲ್ಲಿ ಹಾಗೆ ಕರೆಯುತ್ತಾರೆ.

ಮನೆ ಕಟ್ಟುವವರು ಇನ್ನೂ ಮೂರು ವಿಷಯ ನೆನಪಿಡಬೇಕು. ಹಸಿ ಸಿಮೆಂಟ್ ಮತ್ತು ಸುಣ್ಣ ಕ್ಷಾರ, ಅವು ಆನೊಡೈಸ್ ಪೊರೆಯನ್ನೂ ತಿಂದು ಅಳಿಸಲಾಗದ ಕಲೆ ಬಿಡುತ್ತವೆ. ಗಿಲಾವು ಮಾಡುವಾಗ ಚೌಕಟ್ಟಿಗೆ ಟೇಪು ಸುತ್ತುವುದು ಅದಕ್ಕೇ. ಎರಡನೆಯದಾಗಿ, ಅಲ್ಯೂಮಿನಿಯಂ ಶೀಟಿಗೆ ತಾಮ್ರ ಅಥವಾ ಹಿತ್ತಾಳೆಯ ತಿರುಪು ಹಾಕಬೇಡಿ. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಕಬ್ಬಿಣ, ಸ್ಟೀಲ್ ತಿರುಪು ಇದ್ದರೆ ನಡುವೆ ರಬ್ಬರ್ ವಾಷರ್ ಇರಲಿ. ಮೂರನೆಯದಾಗಿ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರವೂ ಕ್ಲೋರೈಡೇ. ಅದರ ಚೀಲಗಳನ್ನು ಅಲ್ಯೂಮಿನಿಯಂ ಶೀಟು, ಏಣಿಗಳಿಗೆ ಒರಗಿಸಿ ಇಡಬೇಡಿ.

ಹೊಟ್ಟೆಗೆ ಏನಾದರೂ ಆಗುತ್ತದೆಯೇ?

ಈಗ ದೊಡ್ಡವ್ವನ ಎರಡನೆಯ ಪ್ರಶ್ನೆ. ಪೊರೆ ಕರಗಿದಾಗ ಒಂದಿಷ್ಟು ಅಲ್ಯೂಮಿನಿಯಂ ಊಟಕ್ಕೆ ಸೇರುವುದು ನಿಜ. ಹುಳಿ, ಉಪ್ಪು ಹೆಚ್ಚಿದ್ದಷ್ಟೂ, ಹೆಚ್ಚು ಹೊತ್ತು ಕುದಿಸಿದಷ್ಟೂ, ರಾತ್ರಿಯಿಡೀ ಬಿಟ್ಟಷ್ಟೂ ಹೆಚ್ಚು ಸೇರುತ್ತದೆ. ಆದರೆ ಅಲ್ಯೂಮಿನಿಯಂ ಮಣ್ಣಿನಲ್ಲಿ, ಚಹಾ ಎಲೆಯಲ್ಲಿ, ತರಕಾರಿಯಲ್ಲಿ ಮೊದಲೇ ಇದೆ. ನುಂಗಿದ್ದರಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಭಾಗ ರಕ್ತಕ್ಕೆ ಸೇರುತ್ತದೆ. ಅದನ್ನೂ ಆರೋಗ್ಯವಾಗಿರುವ ಮೂತ್ರಪಿಂಡ ಹೊರಹಾಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿ 2011ರಲ್ಲಿ ಹಾಕಿದ ಮಿತಿ ವಾರಕ್ಕೆ, ದೇಹದ ಪ್ರತಿ ಕಿಲೋ ತೂಕಕ್ಕೆ 2 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ಅದು ವಾರಕ್ಕೆ 120 ಮಿಲಿಗ್ರಾಂ.

ಅಲ್ಯೂಮಿನಿಯಂ ಪಾತ್ರೆಯಿಂದ ಮರೆವಿನ ಕಾಯಿಲೆ ಆಲ್ಝೈಮರ್ಸ್ ಬರುತ್ತದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಈ ಅನುಮಾನ ಹುಟ್ಟಿದ್ದು 1965ರಲ್ಲಿ ಮೊಲಗಳ ಮಿದುಳಿಗೆ ಅಲ್ಯೂಮಿನಿಯಂ ಲವಣ ಸೇರಿಸಿ ಮಾಡಿದ ಪ್ರಯೋಗಗಳಿಂದ. ಆ ನಂತರ ನಡೆದ ಅಧ್ಯಯನಗಳಲ್ಲಿ ಪಾತ್ರೆಯೇ ಕಾಯಿಲೆಗೆ ಕಾರಣ ಎನ್ನಲು ಪುರಾವೆ ಸಿಕ್ಕಿಲ್ಲ.

ಇಬ್ಬರು ಮಾತ್ರ ಎಚ್ಚರದಿಂದಿರಬೇಕು. ಒಬ್ಬರು ಮೂತ್ರಪಿಂಡದ ಕಾಯಿಲೆ ಇರುವವರು. ಅವರ ದೇಹ ಅಲ್ಯೂಮಿನಿಯಮ್ಮನ್ನು ಹೊರಹಾಕಲಾರದು. 1970ರ ದಶಕದಲ್ಲಿ ಡಯಾಲಿಸಿಸ್ ನೀರಿನಲ್ಲಿದ್ದ ಅಲ್ಯೂಮಿನಿಯಮ್ಮಿನಿಂದ ರೋಗಿಗಳ ಮಿದುಳಿಗೆ ಹಾನಿಯಾದದ್ದು ಗೊತ್ತಾಗಿತ್ತು. ಇನ್ನೊಬ್ಬರು ಗುಜರಿ ಲೋಹ ಕರಗಿಸಿ ಮಾಡಿದ, ಗುರುತಿಲ್ಲದ ಪಾತ್ರೆ ಬಳಸುವವರು. ಅದರಲ್ಲಿ ಸೀಸ ಬೆರೆತಿದ್ದರೆ ಅಪಾಯ ಬಹಳ ದೊಡ್ಡದು, ಮುಖ್ಯವಾಗಿ ಮಕ್ಕಳಿಗೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕೆಲವು ಆಮದು ಅಲ್ಯೂಮಿನಿಯಂ ಮತ್ತು ಹಿಂಡಾಲಿಯಂ ಪಾತ್ರೆಗಳಿಂದ ಸೀಸ ಬಿಡುಗಡೆಯಾಗುತ್ತದೆ ಎಂದು ಎಚ್ಚರಿಸಿತ್ತು. ಹಾಗಾಗಿ ಪಾತ್ರೆ ಕೊಳ್ಳುವಾಗ ಐಎಸ್‌ಐ ಗುರುತು ನೋಡುವುದು ಒಳ್ಳೆಯದು.

ನಂಬಿಕೆ ಮತ್ತು ನಿಜ

"ಕುಕ್ಕರಿನ ಒಳಗೆ ಕಪ್ಪಾದರೆ ವಿಷ." ಅಲ್ಲ. ಬೋರ್‌ವೆಲ್ ನೀರಿನ ಖನಿಜಗಳು ಮತ್ತು ಬಿಸಿಯಿಂದ ಪೊರೆ ದಪ್ಪವಾಗಿ ಬಣ್ಣ ಬದಲಿಸಿದೆ, ಅಷ್ಟೆ. ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಲೇಬೇಕೆಂದಿಲ್ಲ.

"ಹೊಳೆಯುವಷ್ಟು ತಿಕ್ಕಿದರೆ ಶುಚಿ." ಕೊಳೆ ಹೋದರೆ ಸಾಕು. ಮೆದು ಸ್ಪಂಜು, ಸಾಮಾನ್ಯ ಪಾತ್ರೆ ಸೋಪು ಬಳಸಿ. ಬೂದಿ, ಬಟ್ಟೆ ಸೋಡಾ ಬೇಡ.

"ಹಾರ್ಡ್ ಆನೊಡೈಸ್ಡ್ ಎಂದರೆ ಏನು ಮಾಡಿದರೂ ಕೆಡುವುದಿಲ್ಲ." ಸಾದಾ ಪಾತ್ರೆಗಿಂತ ಬಹಳ ಕಡಿಮೆ ಲೋಹ ಬಿಡುತ್ತದೆ, ಹೆಚ್ಚು ಬಾಳುತ್ತದೆ. ಆದರೆ ಅದರ ಪೊರೆಯೂ ಅದೇ ಆಕ್ಸೈಡ್. ಡಿಶ್‌ವಾಷರಿನ ಖಾರ ಸೋಪು, ಸ್ಟೀಲ್ ಜುಂಗು ಅದನ್ನೂ ಹಾಳು ಮಾಡುತ್ತವೆ.

"ಜರ್ಮನ್ ಪಾತ್ರೆಯಲ್ಲಿ ಅಡುಗೆಯನ್ನೇ ಮಾಡಬಾರದು." ಅನ್ನ ಮಾಡುವುದಕ್ಕೆ, ಹಾಲು, ನೀರು ಕಾಯಿಸುವುದಕ್ಕೆ ತೊಂದರೆ ಇಲ್ಲ. ಹುಳಿ ಸಾರು, ಗೊಜ್ಜು, ಉಪ್ಪಿನಕಾಯಿಗೆ ಸ್ಟೀಲ್, ಮಣ್ಣು ಅಥವಾ ಪಿಂಗಾಣಿ ಇರಲಿ. ಅಲ್ಯೂಮಿನಿಯಂನಲ್ಲಿ ಮಾಡಿದ್ದನ್ನು ಅದರಲ್ಲೇ ರಾತ್ರಿ ಬಿಡಬೇಡಿ.

ಇಷ್ಟನ್ನೂ ದೊಡ್ಡವ್ವನಿಗೆ ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿತ್ತು. ಅವರು ಡಬರಿಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು. "ಹಂಗಾರ ಮಾಲ್ ಚಲೋನ ಇತ್ತು, ನಾನ ತಪ್ಪು ಮಾಡೇನಿ" ಎಂದರು. ಈ ವರ್ಷದ ಮಾವಿನಕಾಯಿ ಭರಣಿಗೆ ಹೋಗಿದೆ. ತೂತು ಬಿದ್ದ ಡಬರಿಗೆ ಮಣ್ಣು ತುಂಬಿ ಹಿತ್ತಲಲ್ಲಿ ಕೊತ್ತಂಬರಿ ಹಾಕಿದ್ದಾರೆ. ನೀರು ಬಸಿದು ಹೋಗಲು ಮೂರು ತೂತು ಸಾಕಂತೆ.